ಆರೋಗ್ಯ ವಿಮೆ ಮತ್ತು ರೋಗಿಯ ಹಕ್ಕುಗಳು: ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ಅಂಕಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ವ್ಯಾಪಾರಸ್ಥರು ಲೆಕ್ಕಾಚಾರದಲ್ಲಿ ಯಾರಿಗೂ ಕಡಿಮೆಯಿಲ್ಲ. ಬೆಲ್ಲದ ಅಡತಿಯಿರಲಿ, ಕರದಂಟಿನ ತಯಾರಿಕೆಯಿರಲಿ, ಕಿರಾಣಿ ಅಂಗಡಿಯಿರಲಿ, ಗೋದಾಮಿನ ಸರಕಿಗೆ ಬೆಂಕಿ ವಿಮೆ, ಲಾರಿಗೆ ವಾಹನ ವಿಮೆ, ಬ್ಯಾಂಕಿಗೆ ಪ್ರತಿ ತಿಂಗಳು ದಾಸ್ತಾನಿನ ವಿವರಪಟ್ಟಿ ಇವೆಲ್ಲವೂ ತಪ್ಪದೆ ನಡೆಯುತ್ತವೆ. ಆದರೆ ಈ ವ್ಯವಹಾರವನ್ನೆಲ್ಲ ಹೊತ್ತು ನಡೆಸುವ ಮನುಷ್ಯನ ಆರೋಗ್ಯದ ವಿಮಾಪತ್ರ ಮಾತ್ರ ಕಪಾಟಿನೊಳಗೆ ಓದದೆ ಉಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸುವ ಸಲುವಾಗಿ ಪ್ರೀಮಿಯಂ ಕಟ್ಟಿ ರಸೀದಿಯನ್ನು ಲೆಕ್ಕ ಪರಿಶೋಧಕರಿಗೆ ಕೊಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ.

ಸಂಬಳದಾರನು ಕಾಯಿಲೆ ಬಿದ್ದರೆ ರಜೆ ಸಿಗುತ್ತದೆ. ಮಾಲೀಕನು ಕಾಯಿಲೆ ಬಿದ್ದರೆ ಅಂಗಡಿಯ ಬಾಗಿಲು ಅರ್ಧ ಮುಚ್ಚುತ್ತದೆ. ಆಸ್ಪತ್ರೆಯ ಖರ್ಚಿಗಾಗಿ ದುಡಿಯುವ ಬಂಡವಾಳವನ್ನೇ ತೆಗೆಯಬೇಕಾಗುತ್ತದೆ. ಸರಕು ಕೊಟ್ಟವರಿಗೆ ಹಣ ತಡವಾಗುತ್ತದೆ. ಪೇಟೆಯಲ್ಲಿ ಹತ್ತಾರು ವರ್ಷಗಳಿಂದ ಗಳಿಸಿದ ಪತ್ತು ಒಂದೇ ಹಂಗಾಮಿನಲ್ಲಿ ಕುಸಿಯುತ್ತದೆ. ಆದ್ದರಿಂದ ಆರೋಗ್ಯ ವಿಮೆಯನ್ನು ತೆರಿಗೆಯ ವಿಷಯವೆಂದಲ್ಲ, ಬಂಡವಾಳ ರಕ್ಷಣೆಯ ವಿಷಯವೆಂದು ನೋಡುವುದು ಉಚಿತ.

ಪಾಲಿಸಿ ಎಂದರೆ ಕರಾರುಪತ್ರ

ಭಾರತದಲ್ಲಿ ಸಾರ್ವಜನಿಕ ವಲಯದ ವಿಮಾ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ಆರಂಭಿಸಿದವು. ಅಂದಿನಿಂದ ಇಂದಿನವರೆಗೆ ಪಾಲಿಸಿಗಳ ಹೆಸರು, ಸ್ವರೂಪ ಬದಲಾಗಿವೆ. ಮೂಲ ತತ್ತ್ವ ಬದಲಾಗಿಲ್ಲ. ಅದು ಇಬ್ಬರ ನಡುವಿನ ಕರಾರು. ಕರಾರಿನಲ್ಲಿ ಬರೆದದ್ದಷ್ಟೇ ಸಿಗುತ್ತದೆ. ಏಜೆಂಟರು ಬಾಯಿಮಾತಿನಲ್ಲಿ ಹೇಳಿದ್ದು ಸಿಗುವುದಿಲ್ಲ.

ಕರಾರನ್ನು ಓದಲು ಇಂಗ್ಲಿಷ್ ಅಡ್ಡಿಯಾಗುತ್ತದೆ ಎಂದು ಅನೇಕರು ಹೇಳುವುದುಂಟು. ಪ್ರತಿಯೊಂದು ಆರೋಗ್ಯ ಪಾಲಿಸಿಯೊಂದಿಗೆ ಸರಳ ಭಾಷೆಯ 'ಗ್ರಾಹಕ ಮಾಹಿತಿ ಪತ್ರ'ವನ್ನು ಕೊಡುವುದು ಕಡ್ಡಾಯ. 2024ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕೃತ ನಮೂನೆಯ ಪ್ರಕಾರ, ಪಾಲಿಸಿದಾರರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಕನ್ನಡದ ಪ್ರತಿಯನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಅದನ್ನು ಹಿಂದಿರುಗಿಸಬಹುದು. ನಿಗದಿತ ಖರ್ಚು ಕಳೆದು ಉಳಿದ ಪ್ರೀಮಿಯಂ ಮರಳಿ ಬರುತ್ತದೆ.

ಓದುವಾಗ ಮುಖ್ಯವಾಗಿ ಐದು ಅಂಶಗಳನ್ನು ಗುರುತು ಹಾಕಿಕೊಳ್ಳಬೇಕು:

1. ಕೊಠಡಿ ಬಾಡಿಗೆಗೆ ಮಿತಿ ಇದೆಯೇ?
2. ಮೊದಲೇ ಇದ್ದ ಕಾಯಿಲೆಗಳಿಗೆ ಎಷ್ಟು ತಿಂಗಳ ಕಾಯುವ ಅವಧಿ ಇದೆ? 2024ರ ಏಪ್ರಿಲ್ 1ರಿಂದ ಇದು 36 ತಿಂಗಳು ಮೀರುವಂತಿಲ್ಲ; ಮೊದಲು 48 ತಿಂಗಳಿತ್ತು.
3. ಕಣ್ಣಿನ ಪೊರೆ, ಹರ್ನಿಯಾ, ಮೂತ್ರಪಿಂಡದ ಕಲ್ಲು ಇತ್ಯಾದಿ ನಿರ್ದಿಷ್ಟ ಕಾಯಿಲೆಗಳಿಗೆ ಪ್ರತ್ಯೇಕ ಕಾಯುವ ಅವಧಿ ಎಷ್ಟು?
4. ಪ್ರತಿ ಬಿಲ್ಲಿನಲ್ಲಿ ನೀವು ಭರಿಸಬೇಕಾದ ಸಹಪಾವತಿ ಶೇಕಡಾ ಎಷ್ಟು?
5. ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳು ನಿಮಗೆ ಹತ್ತಿರದಲ್ಲಿ ಎಲ್ಲಿವೆ?

ಐದನೆಯ ಅಂಶ ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿನ ಜನರು ದೊಡ್ಡ ಚಿಕಿತ್ಸೆಗೆ ಬೆಳಗಾವಿಗೆ ಹೋಗುವಂತೆಯೇ ಮಹಾರಾಷ್ಟ್ರದ ಮಿರಜ್‌ಗೂ ಹಲವು ತಲೆಮಾರುಗಳಿಂದ ಹೋಗುತ್ತಿದ್ದಾರೆ. ಗಡಿ ದಾಟಿದೊಡನೆ ಖಾಸಗಿ ಪಾಲಿಸಿ ನಿಷ್ಪ್ರಯೋಜಕವಾಗುವುದಿಲ್ಲ. ಆದರೆ ಆ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಬೇಕು. ಕರ್ನಾಟಕದ ಆಸ್ಪತ್ರೆಗಳಿಗೆ ಅನ್ವಯಿಸುವ ರಾಜ್ಯದ ಕಾಯಿದೆ ಅಲ್ಲಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿನಲ್ಲಿರಲಿ.

ಕೊಠಡಿ ಬಾಡಿಗೆಯ ಲೆಕ್ಕ

ಕ್ಲೇಮಿನಲ್ಲಿ ಹೆಚ್ಚಿನ ಕಡಿತವಾಗುವುದು ಕೊಠಡಿ ಬಾಡಿಗೆಯ ಷರತ್ತಿನಿಂದ. ಒಂದು ಲೆಕ್ಕ ಹಾಕಿ ನೋಡೋಣ. ವಿಮಾ ಮೊತ್ತ 3 ಲಕ್ಷ ರೂಪಾಯಿ. ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ. ರೋಗಿಯು ದಿನಕ್ಕೆ 6,000 ರೂಪಾಯಿಯ ಕೊಠಡಿಯಲ್ಲಿ ಐದು ದಿನ ಇದ್ದನೆನ್ನಿ. ಬಿಲ್ಲು ಹೀಗಿದೆ: ಕೊಠಡಿ 30,000; ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆ, ಶುಶ್ರೂಷೆ 1,20,000; ಔಷಧಿ ಮತ್ತು ತಪಾಸಣೆ 50,000. ಒಟ್ಟು 2 ಲಕ್ಷ ರೂಪಾಯಿ.

ಮಿತಿ ಮೀರಿದ್ದು ದಿನಕ್ಕೆ 3,000ದಂತೆ 15,000 ರೂಪಾಯಿ, ಅಷ್ಟನ್ನು ಕೈಯಿಂದ ಕೊಟ್ಟರಾಯಿತು ಎಂದು ಕುಟುಂಬದವರು ಭಾವಿಸುತ್ತಾರೆ. ಆದರೆ ಷರತ್ತು ಹಾಗಿಲ್ಲ. ಅರ್ಹತೆಗಿಂತ ಇಮ್ಮಡಿ ಬಾಡಿಗೆಯ ಕೊಠಡಿ ಪಡೆದುದರಿಂದ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆ, ಶುಶ್ರೂಷೆಯ ವೆಚ್ಚವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸಲಾಗುತ್ತದೆ. ಕಂಪನಿ ಕೊಡುವುದು ಕೊಠಡಿಗೆ 15,000, ಚಿಕಿತ್ಸೆಗೆ 60,000, ಔಷಧಿ ಮತ್ತು ತಪಾಸಣೆಗೆ 50,000, ಒಟ್ಟು 1,25,000. ನಿಮ್ಮ ಪಾಲಿಗೆ ಉಳಿಯುವುದು 75,000 ರೂಪಾಯಿ.

ಬೆಂಕಿ ವಿಮೆ ಮಾಡಿಸಿದ ವ್ಯಾಪಾರಸ್ಥರಿಗೆ ಇದು ಹೊಸದಲ್ಲ. 20 ಲಕ್ಷದ ದಾಸ್ತಾನಿಗೆ 10 ಲಕ್ಷದ ವಿಮೆ ಮಾಡಿಸಿದರೆ ನಷ್ಟದ ಅರ್ಧವಷ್ಟೇ ಬರುತ್ತದೆ ಎಂಬ 'ಸರಾಸರಿ' ಷರತ್ತನ್ನು ಅವರು ಬಲ್ಲರು. ಇದೂ ಅದರ ಹತ್ತಿರದ ಸಂಬಂಧಿಯೇ. ಆದರೆ ಈ ಕಡಿತಕ್ಕೂ ಎಲ್ಲೆಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಔಷಧಿ, ದೇಹದೊಳಗೆ ಅಳವಡಿಸುವ ಸಾಧನಗಳು ಹಾಗೂ ರೋಗ ತಪಾಸಣೆಯ ವೆಚ್ಚಕ್ಕೆ ಇದನ್ನು ಅನ್ವಯಿಸುವಂತಿಲ್ಲ. ತೀವ್ರ ನಿಗಾ ಘಟಕದ ವೆಚ್ಚಕ್ಕೂ ಅನ್ವಯಿಸುವಂತಿಲ್ಲ. ಕೊಠಡಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಯಲ್ಲಿಯೂ ಅನ್ವಯಿಸುವಂತಿಲ್ಲ. ಕಡಿತದ ಪಟ್ಟಿ ಕೈಗೆ ಬಂದಾಗ ಈ ಮೂರನ್ನೂ ತಾಳೆ ನೋಡಿ. ದಾಖಲಾಗುವಾಗ ಕೊಠಡಿಯ ಆಯ್ಕೆಗೆ ಮುನ್ನ ಪಾಲಿಸಿಯ ಮಿತಿಯನ್ನು ಆಸ್ಪತ್ರೆಯ ವಿಮಾ ವಿಭಾಗಕ್ಕೆ ತಿಳಿಸಿ.

ಮುಚ್ಚಿಟ್ಟ ಕಾಯಿಲೆ, ತಿರಸ್ಕೃತ ಕ್ಲೇಮು

ವಿಮೆಯು ಪರಮ ವಿಶ್ವಾಸದ ಕರಾರು. ಮೂತ್ರಪಿಂಡದ ಕಾಯಿಲೆಯನ್ನು ಪ್ರಸ್ತಾವನಾ ಪತ್ರದಲ್ಲಿ ಮುಚ್ಚಿಟ್ಟ ಪ್ರಕರಣದಲ್ಲಿ ಕ್ಲೇಮನ್ನು ತಿರಸ್ಕರಿಸಿದ್ದು ಸರಿಯೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ತೀರ್ಪಿತ್ತಿತು. ಇನ್ನೊಂದು ಬದಿಗೆ, 2021ರ ಡಿಸೆಂಬರಿನಲ್ಲಿ ಮನಮೋಹನ್ ನಂದಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಕಾಯಿಲೆಯನ್ನು ತಿಳಿಸಿದ ಮೇಲೆ ಕಂಪನಿಯು ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ನೀಡಿದ ನಂತರ ಅದೇ ಕಾಯಿಲೆಯ ಕಾರಣ ಹೇಳಿ ಹಣ ನಿರಾಕರಿಸುವಂತಿಲ್ಲ ಎಂದಿತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಪಾಠ ಸ್ಪಷ್ಟ: ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಬರೆಯಿರಿ. ಅದರಿಂದ ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು. ಕರಾರು ಮಾತ್ರ ಗಟ್ಟಿಯಾಗುತ್ತದೆ. ಖಾಲಿ ಪ್ರಸ್ತಾವನಾ ಪತ್ರಕ್ಕೆ ಸಹಿ ಮಾಡುವುದೂ ಖಾಲಿ ಚೆಕ್ಕಿಗೆ ಸಹಿ ಮಾಡುವುದೂ ಒಂದೇ.

ಸತತವಾಗಿ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. 2024ಕ್ಕೆ ಮೊದಲು ಈ ಅವಧಿ 8 ವರ್ಷವಿತ್ತು. 'ಸತತವಾಗಿ' ಎಂಬ ಪದವನ್ನು ಗಮನಿಸಿ. ವಾರ್ಷಿಕ ಪಾಲಿಸಿಯ ನವೀಕರಣಕ್ಕೆ 30 ದಿನಗಳ ರಿಯಾಯಿತಿ ಅವಧಿ ಇದೆ. ಅದೂ ಮೀರಿದರೆ ಕಾಯುವ ಅವಧಿಯ ಗಳಿಕೆಯೆಲ್ಲ ಕಳೆದುಹೋಗುತ್ತದೆ. ಇದಲ್ಲದೆ 1938ರ ವಿಮಾ ಕಾಯಿದೆಯ 64-ವಿಬಿ ಕಲಮಿನಂತೆ ಪ್ರೀಮಿಯಂ ಮುಂಗಡವಾಗಿ ಬಂದಿರದೆ ಕಂಪನಿ ಹೊಣೆ ಹೊರುವುದಿಲ್ಲ. ಹಂಗಾಮಿನ ಬಿಗಿಯಲ್ಲಿ ಚೆಕ್ಕು ತಿರುಗಿ ಬಂದರೆ ಸರಕಿನವರು ಒಂದು ವಾರ ತಾಳಿಕೊಂಡಾರು, ವಿಮೆ ತಾಳಿಕೊಳ್ಳದು.

ಈಗಿನ ಕಂಪನಿಯ ಸೇವೆ ತೃಪ್ತಿಕರವಲ್ಲದಿದ್ದರೆ ಪಾಲಿಸಿ ಬಿಡಬೇಡಿ. ನವೀಕರಣಕ್ಕೆ ಮೊದಲು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ಹಾಗೆ ವರ್ಗಾಯಿಸಿದರೆ ಹಳೆಯ ವಿಮಾ ಮೊತ್ತದಷ್ಟಕ್ಕೆ ಗಳಿಸಿದ ಅವಧಿ ಮುಂದುವರಿಯುತ್ತದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ಪ್ರಾಧಿಕಾರದೊಂದಿಗೆ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಒಂದು ಗಂಟೆ, ಮೂರು ಗಂಟೆ

2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯು ನಗದುರಹಿತ ಚಿಕಿತ್ಸೆಗೆ ಗಡುವುಗಳನ್ನು ವಿಧಿಸಿದೆ. ದಾಖಲಾತಿಯ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಬಿಡುಗಡೆಯ ಅಂತಿಮ ಒಪ್ಪಿಗೆಯನ್ನು ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ನೀಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿನ ಹಣ ವಿಧಿಸಿದರೆ ಅದನ್ನು ಕಂಪನಿಯೇ ಭರಿಸಬೇಕು. ಚಿಕಿತ್ಸೆಯ ವೇಳೆ ರೋಗಿ ಮೃತಪಟ್ಟರೆ ಕ್ಲೇಮನ್ನು ತಕ್ಷಣ ಪರಿಶೀಲಿಸಿ ಪಾರ್ಥಿವ ಶರೀರ ಬಿಟ್ಟುಕೊಡುವಂತೆ ನೋಡಿಕೊಳ್ಳಬೇಕು. ಕ್ಲೇಮನ್ನು ತಿರಸ್ಕರಿಸಬೇಕಾದರೆ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು ಮತ್ತು ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಲಾಯಿತು ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಇಲ್ಲಿ ವ್ಯಾಪಾರಸ್ಥರ ರೂಢಿಯೇ ನೆರವಿಗೆ ಬರುತ್ತದೆ. ಸರಕು ಬಂದ ವೇಳೆಯನ್ನು ಬರೆದಿಡುವಂತೆ, ಆಸ್ಪತ್ರೆಯು ಕೋರಿಕೆ ಕಳಿಸಿದ ವೇಳೆಯನ್ನೂ ಉತ್ತರ ಬಂದ ವೇಳೆಯನ್ನೂ ಬರೆದಿಡಿ. ಮುಂದೆ ದೂರು ಕೊಡುವಾಗ ಅದೇ ಆಧಾರ.

ಆಸ್ಪತ್ರೆಯಲ್ಲಿ ರೋಗಿಯ ಹಕ್ಕುಗಳು

ವಿಮೆ ಇರಲಿ, ಇಲ್ಲದಿರಲಿ, ರೋಗಿಗೆ ಕಾನೂನು ಕೊಟ್ಟ ಹಕ್ಕುಗಳಿವೆ. ತುರ್ತು ಸ್ಥಿತಿಯಲ್ಲಿ ಪ್ರಾಣರಕ್ಷಣೆಯೇ ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನಗಳು ನಂತರದವು ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಾಯಿತು. ಒಂದು ತಪಾಸಣೆಗೆ ಪಡೆದ ಒಪ್ಪಿಗೆಯನ್ನು ಬೇರೊಂದು ಶಸ್ತ್ರಚಿಕಿತ್ಸೆಗೆ ಬಳಸುವಂತಿಲ್ಲವೆಂದು 2008ರ ಸಮೀರಾ ಕೊಹ್ಲಿ ಪ್ರಕರಣ ಸ್ಪಷ್ಟಪಡಿಸಿತು.

ನಮ್ಮ ರಾಜ್ಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಜಾರಿಯಲ್ಲಿದೆ. ಇದರ ತಿದ್ದುಪಡಿಗೆ ಬೆಳಗಾವಿಯೇ ಸಾಕ್ಷಿಯಾಯಿತು. 2017ರ ನವೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಖಾಸಗಿ ವೈದ್ಯರು ನಗರದಲ್ಲಿ ಪ್ರತಿಭಟನೆ ಹೂಡಿದರು. ರಾಜ್ಯದಾದ್ಯಂತ ಆಸ್ಪತ್ರೆಗಳ ಬಾಗಿಲು ಮುಚ್ಚಿ ರೋಗಿಗಳು ಪರದಾಡಿದರು. ಕೊನೆಗೆ ಕೆಲವು ಅಂಶಗಳನ್ನು ಸಡಿಲಿಸಿ ತಿದ್ದುಪಡಿ ವಿಧೇಯಕ ಅಂಗೀಕಾರವಾಯಿತು. ಅದರಂತೆ ರೋಗಿಗಳ ಸನ್ನದು ಕಾಯಿದೆಯ ಭಾಗವಾಗಿದೆ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ, ಬಾಕಿಯ ಕಾರಣಕ್ಕೆ ಮೃತದೇಹವನ್ನು ತಡೆಹಿಡಿಯುವಂತಿಲ್ಲ, ದರಪಟ್ಟಿಯನ್ನು ಪ್ರದರ್ಶಿಸಬೇಕು. ದೂರುಗಳಿಗಾಗಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ.

ವೈದ್ಯಕೀಯ ವೃತ್ತಿಯ 2002ರ ನೀತಿ ನಿಯಮಗಳಂತೆ, ಒಳರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು. ಹೃದಯಕ್ಕೆ ಅಳವಡಿಸುವ ಸ್ಟೆಂಟ್‌ಗೆ 2017ರ ಫೆಬ್ರವರಿಯಿಂದಲೂ ಕೃತಕ ಮೊಣಕಾಲಿನ ಸಾಧನಕ್ಕೆ ಅದೇ ವರ್ಷದ ಆಗಸ್ಟಿನಿಂದಲೂ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ನಿಗದಿಪಡಿಸಿದೆ. ಆದ್ದರಿಂದ ಬಿಲ್ಲಿನಲ್ಲಿ ಸಾಧನದ ಹೆಸರು ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸಲು ಕೇಳಿ. ಸಗಟು ಮೊತ್ತದ ಬಿಲ್ಲನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ಅಂಗಡಿಗೆ 'ಇತರೆ ಸರಕು' ಎಂದು ಒಂದೇ ಸಾಲಿನ ಬಿಲ್ಲು ಬಂದರೆ ಹಣ ಕೊಡುವಿರಾ?

ಹಕ್ಕಿನೊಂದಿಗೆ ಹೊಣೆಯೂ ಇದೆ. ಹಿಂದಿನ ಚಿಕಿತ್ಸೆಯ ವಿವರವನ್ನು ವೈದ್ಯರಿಗೆ ಮುಚ್ಚಿಡದಿರುವುದು, ಒಪ್ಪಿದ ಶುಲ್ಕವನ್ನು ಸಲ್ಲಿಸುವುದು, ವೈದ್ಯರು ಹಾಗೂ ಸಿಬ್ಬಂದಿಯ ಮೇಲೆ ಕೈ ಎತ್ತದಿರುವುದು ರೋಗಿಯ ಕಡೆಯವರ ಕರ್ತವ್ಯ.

ಸಹಕಾರದ ದಾರಿ: ಯಶಸ್ವಿನಿ ಮತ್ತು ಸರ್ಕಾರಿ ಯೋಜನೆಗಳು

ದೊಡ್ಡ ಮೊತ್ತದ ಖಾಸಗಿ ಪಾಲಿಸಿ ಎಲ್ಲರಿಗೂ ನಿಲುಕುವುದಿಲ್ಲ. ದೇಶಕ್ಕೇ ಮಾದರಿಯಾದ ಯೋಜನೆಯೊಂದು ಕರ್ನಾಟಕದ ಸಹಕಾರ ಕ್ಷೇತ್ರದಲ್ಲಿ ಹುಟ್ಟಿತು. ಯಶಸ್ವಿನಿ ಯೋಜನೆಯು 2003ರ ಜೂನಿನಲ್ಲಿ ಕಾರ್ಯಾರಂಭ ಮಾಡಿದಾಗ ಸದಸ್ಯನೊಬ್ಬನ ವಾರ್ಷಿಕ ವಂತಿಗೆ 60 ರೂಪಾಯಿ ಮಾತ್ರ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ನಿಂತಿತು. 2022ರಲ್ಲಿ ಮರುಚಾಲನೆ ಪಡೆದು ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒಳಗೊಂಡಿತು. ಮರುಚಾಲನೆಯ ವೇಳೆ ನಾಲ್ವರ ಗ್ರಾಮೀಣ ಕುಟುಂಬಕ್ಕೆ 500, ನಗರ ಕುಟುಂಬಕ್ಕೆ 1,000 ರೂಪಾಯಿ ವಂತಿಗೆ ನಿಗದಿಯಾಗಿತ್ತು. ಸಹಕಾರ ಸಂಘದ ಸದಸ್ಯತ್ವವಿರುವ ಓದುಗರು ನೋಂದಣಿಯ ಗಡುವು ಮತ್ತು ಅರ್ಹತೆಯನ್ನು ತಮ್ಮ ಸಂಘದ ಕಾರ್ಯದರ್ಶಿಗಳಲ್ಲಿ ವಿಚಾರಿಸಬೇಕು.

2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭದ ಹೊರತು, ಅನೇಕ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಈ ಒಂದು ಪತ್ರವಿಲ್ಲದೆ ಸೌಲಭ್ಯ ಕಳೆದುಕೊಳ್ಳುವ ಸಂಭವವಿದೆ.

ನೌಕರರ ಬಗ್ಗೆ ಮಾಲೀಕರ ಹೊಣೆ

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ. ವೇತನದ ಮಿತಿ 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ. 2019ರ ಜುಲೈನಿಂದ ಮಾಲೀಕರ ವಂತಿಗೆ ಶೇ. 3.25, ಕೆಲಸಗಾರರದ್ದು ಶೇ. 0.75. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಲಾಗುತ್ತದೆ. ವಂತಿಗೆ ಉಳಿಸಲೆಂದು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ತೋರಿಸುವುದು ಉಳಿತಾಯವಲ್ಲ. ಯಂತ್ರಕ್ಕೆ ಕೈ ಸಿಕ್ಕ ಹತ್ತನೆಯವನ ಚಿಕಿತ್ಸೆ ಮತ್ತು ಪರಿಹಾರದ ಭಾರ ಆಗ ಮಾಲೀಕರ ಹೆಗಲಿಗೇ ಬೀಳುತ್ತದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಚಿಕ್ಕ ಘಟಕದವರು ಗುಂಪು ವಿಮೆಯನ್ನು ಪರಿಗಣಿಸಬೇಕು.

ತೆರಿಗೆಯ ದೃಷ್ಟಿಯಿಂದ

ಮಾಲೀಕನ ಸ್ವಂತ ಕುಟುಂಬದ ಪ್ರೀಮಿಯಂ ವೈಯಕ್ತಿಕ ಖರ್ಚು. ಅದನ್ನು ವ್ಯಾಪಾರದ ಖರ್ಚಿನ ಖಾತೆಗೆ ಬರೆಯದೆ ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. 1961ರ ಕಾಯಿದೆಯ 80-ಡಿ ಕಲಮಿನಡಿ ತನಗೆ, ಪತ್ನಿ ಮತ್ತು ಮಕ್ಕಳಿಗೆ 25,000. ತಂದೆ ತಾಯಿಗೆ ಪ್ರತ್ಯೇಕವಾಗಿ 25,000. ಹಿರಿಯ ನಾಗರಿಕರಾದರೆ 50,000 ರೂಪಾಯಿವರೆಗೆ ಕಡಿತವಿದೆ. ಪ್ರೀಮಿಯಂ ನಗದಿನಲ್ಲಿ ಕಟ್ಟಿದರೆ ಇದು ದೊರೆಯದು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಈ ಸೌಲಭ್ಯವನ್ನು ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗಾಗಿ ಮುಂದುವರಿಸಲಾಗಿದೆ. ಹೊಸ ಪದ್ಧತಿಯಲ್ಲಿರುವವರಿಗೆ ಇದಿಲ್ಲ. ಆದರೆ ಕಡಿತವಿಲ್ಲವೆಂದು ಪಾಲಿಸಿಯನ್ನೇ ಬಿಡುವುದು ದುಬಾರಿಯಾದೀತು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇ. 18 ಜಿ.ಎಸ್.ಟಿ. ರದ್ದಾಗಿದೆ, ನೌಕರರ ಗುಂಪು ಪಾಲಿಸಿಗೆ ಈ ವಿನಾಯಿತಿ ಅನ್ವಯಿಸಲಿಲ್ಲ. ಕಾನೂನಿನ ಕಡ್ಡಾಯವಿಲ್ಲದೆ ಮಾಡಿಸಿದ ಗುಂಪು ವಿಮೆಯ ಮೇಲಿನ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: 2017ರ ಏಪ್ರಿಲಿನಿಂದ ಒಂದೇ ಸಂದರ್ಭಕ್ಕೆ ಸಂಬಂಧಿಸಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದನ್ನು ಯಾರೂ ಸ್ವೀಕರಿಸುವಂತಿಲ್ಲ. ಆಸ್ಪತ್ರೆಗಳಿಗೂ ಇದು ಅನ್ವಯ. ಆದ್ದರಿಂದ ತಿಜೋರಿಯ ನಗದನ್ನೇ ನಂಬಿ ಹೋಗಬೇಡಿ. ಮನೆಯ ಇನ್ನೊಬ್ಬರಿಗೂ ಬ್ಯಾಂಕ್ ಖಾತೆ ನಿರ್ವಹಿಸುವ ಅಧಿಕಾರವಿರಲಿ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು?

ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆಯಲ್ಲಿಯೂ 155255 ದೂರವಾಣಿಯಲ್ಲಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಅವರು ಆದೇಶಿಸಬಹುದು. ಆದೇಶವನ್ನು 30 ದಿನಗಳಲ್ಲಿ ಪಾಲಿಸದ ಕಂಪನಿಯು ದೂರುದಾರರಿಗೆ ದಿನಕ್ಕೆ 5,000 ರೂಪಾಯಿ ದಂಡ ತೆರಬೇಕು. ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ ನ್ಯಾಯಾಲಯದ ದಾರಿ ತೆರೆದೇ ಇರುತ್ತದೆ.

ಆಸ್ಪತ್ರೆಯ ನಿರ್ಲಕ್ಷ್ಯ ಅಥವಾ ವಿಮಾ ಸೇವೆಯ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯಿದೆ ಅವಕಾಶ ನೀಡಿರುವುದರಿಂದ, ಮಿರಜ್‌ನಲ್ಲಿ ಚಿಕಿತ್ಸೆ ಪಡೆದವರೂ ಬೆಳಗಾವಿಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ದೀಪಾವಳಿಯ ಪಾಡ್ಯದಂದು ಹೊಸ ಖಾತೆಪುಸ್ತಕ ಪೂಜಿಸುವ ಸಂಪ್ರದಾಯ ನಮ್ಮಲ್ಲಿದೆ. ಅಂದು ಒಂದು ಕಡತ ಮಾಡಿ ಅದರಲ್ಲಿ ಪಾಲಿಸಿ, ಕನ್ನಡದ ಮಾಹಿತಿ ಪತ್ರ, ಒಪ್ಪಂದದ ಆಸ್ಪತ್ರೆಗಳ ಪಟ್ಟಿ, ಹಳೆಯ ಚಿಕಿತ್ಸೆಯ ದಾಖಲೆ, ನವೀಕರಣದ ದಿನಾಂಕ ಇವಿಷ್ಟನ್ನೂ ಇಡಿ. ಅದು ಎಲ್ಲಿದೆ ಎಂಬುದನ್ನು ಮನೆಯವರಿಗೂ ಅಂಗಡಿಯ ಗುಮಾಸ್ತರಿಗೂ ತಿಳಿಸಿ. ಕಾಯಿಲೆ ಬಂದ ದಿನ ಆ ಕಡತವನ್ನು ಹುಡುಕಿ ತೆಗೆಯಬೇಕಾದವರು ನೀವಾಗಿರುವುದಿಲ್ಲ.